ಮನೆಗೆ ಮರಳಿದ ಬಳಿಕವೂ ಆಕೆ ರೋಗಿಯೇ
(ಮಹಿಳಾ ಆರೋಗ್ಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆರಿಗೆಯಾದ ಹೆಣ್ಣಿಗೆ ನಮ್ಮ ಮನೆಗಳಲ್ಲಿ ನಲ್ವತ್ತು ದಿನಗಳ ಬಾಣಂತನವಿದೆ. ಗರ್ಭಪಾತಕ್ಕೊಳಗಾದವಳಿಗೆ ಏನಿದೆ? ಮರುದಿನವೇ ಅಡುಗೆಮನೆ, ಜೊತೆಗೆ ಯಾರಿಗೂ ಹೇಳಬೇಡವೆಂಬ ತಾಕೀತು.

ಗರ್ಭಪಾತದ ಧಾರ್ಮಿಕ ವಿಧಿಯನ್ನು ಇಂದು ಚರ್ಚಿಸಲು ನಾವು ಬಂದಿಲ್ಲ. 120 ದಿನಗಳ ಬಳಿಕ ತಾಯಿಯ ಜೀವ ಉಳಿಸುವುದಕ್ಕಲ್ಲದೆ ಅದು ಸಲ್ಲದೆಂಬುದು ವಿದ್ವಾಂಸರ ಸಾಮಾನ್ಯ ನಿಲುವು. ಅದಕ್ಕೆ ಮುಂಚಿನ ಅವಧಿಯ ಬಗ್ಗೆ ಅವರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ರಕ್ತಸ್ರಾವದಿಂದ ನರಳುವವಳ ಆರೈಕೆಯಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆಯೇ?

ಸಮಾಲೋಚನೆ ಚಿಕಿತ್ಸೆಗೆ ಮುನ್ನವೇ ಆರಂಭವಾಗಬೇಕು. ವೈದ್ಯರು ಆಕೆಯೊಡನೆ ಏಕಾಂತದಲ್ಲಿ ಮಾತಾಡಬೇಕು. ನಿರ್ಧಾರ ಆಕೆಯದೇ ಅಥವಾ ಅತ್ತೆ, ಗಂಡಂದಿರ ಒತ್ತಡವೇ ಎಂಬುದು ಆಗಲೇ ತಿಳಿಯುವುದು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ 18 ತುಂಬಿದ ಮಹಿಳೆಯ ಒಪ್ಪಿಗೆಯಷ್ಟೇ ಸಾಕು, ಗಂಡನ ಸಹಿ ಕಡ್ಡಾಯವಲ್ಲ. ಆಕೆಯ ಗುರುತನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ಬಹಿರಂಗಪಡಿಸುವುದು 2021ರ ತಿದ್ದುಪಡಿಯಂತೆ ಶಿಕ್ಷಾರ್ಹ. ಹೀಗಿದ್ದೂ ನಾಚಿಕೆಗಂಜಿ ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಮಾತ್ರೆ ತರಿಸುವವರಿದ್ದಾರೆ. ಗರ್ಭವು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಈ ಮಾತ್ರೆಗಳಿಂದ ಪ್ರಯೋಜನವಿಲ್ಲ. ನಾಳವೊಡೆದು ಪ್ರಾಣವೇ ಹೋಗಬಹುದು. ಪರೀಕ್ಷೆಯಿಲ್ಲದೆ ಅದನ್ನು ತಿಳಿಯುವವರಾರು?

ನಂತರದ ಆರೈಕೆಯನ್ನಂತೂ ನಾವು ಪೂರ್ತಿ ಮರೆತಿದ್ದೇವೆ. ಮಾತ್ರೆ ಸೇವಿಸಿದವಳು ಸುಮಾರು 15ನೇ ದಿನ ಮರಳಿ ವೈದ್ಯರನ್ನು ಕಾಣಬೇಕು. ಗರ್ಭಪಾತ ಪೂರ್ಣವಾಗಿದೆಯೇ ಎಂದು ಖಚಿತವಾಗುವುದು ಆಗಲೇ. ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತ ಎರಡು ಗಂಟೆ ಸತತವಾಗಿ ಹೋದರೆ, ಒಂದು ದಿನ ಕಳೆದರೂ ಜ್ವರ ಇಳಿಯದಿದ್ದರೆ, ದುರ್ವಾಸನೆಯ ಸ್ರಾವ, ತೀವ್ರ ಹೊಟ್ಟೆನೋವು ಅಥವಾ ತಲೆಸುತ್ತು ಕಂಡರೆ 15ನೇ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ನೆರೆಯವರು ಏನೆನ್ನುವರೋ ಎಂಬ ಅಳುಕಿನಲ್ಲಿ ಕಳೆದ ಒಂದು ರಾತ್ರಿ ಜೀವಕ್ಕೆ ಕುತ್ತಾಗಬಹುದು.

ಎರಡು ವಾರಗಳೊಳಗೆ ಮತ್ತೆ ಗರ್ಭ ನಿಲ್ಲುವ ಸಾಧ್ಯತೆಯಿದೆಯೆಂಬುದು ಅನೇಕರಿಗೆ ತಿಳಿಯದು. ಆದ್ದರಿಂದ ಗರ್ಭಗಳ ನಡುವಿನ ಅಂತರದ ಕುರಿತು ದಂಪತಿಗಳಿಬ್ಬರನ್ನೂ ಕೂರಿಸಿ ಮಾತಾಡುವುದು ಅಗತ್ಯ. ಎಲ್ಲ ಹೊಣೆಯನ್ನೂ ಹೆಣ್ಣಿನ ಮೇಲೆ ಹೊರಿಸಿ ಗಂಡಸರು ಹೊರಗೆ ಕೂರುವುದು ನ್ಯಾಯವೇ?

ಇನ್ನು ಮನಸ್ಸಿನ ಮಾತು. ಕೆಲವರಿಗೆ ನಿರಾಳವೆನಿಸಬಹುದು, ಕೆಲವರಿಗೆ ಅಳು ಬರಬಹುದು. ಎರಡೂ ಸಹಜ. ತಾನಾಗಿ ಗರ್ಭ ಕಳೆದುಕೊಂಡವಳ ದುಃಖವೂ ಇದೇ ಮೌನದಲ್ಲಿ ಹೂತುಹೋಗುತ್ತದೆ. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ ಕುಗ್ಗಿದ್ದರೆ ಮನೋವೈದ್ಯರ ನೆರವು ಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತಾಡಬಹುದು.

ಸಹೋದರರೇ, ತೀರ್ಪು ನೀಡುವ ಹೊಣೆಯನ್ನು ಅಲ್ಲಾಹನು ನಮಗೆ ವಹಿಸಿಲ್ಲ. ಒಂದು ಲೋಟ ಬಿಸಿ ಗಂಜಿ, ಒಂದು ವಾರದ ವಿಶ್ರಾಂತಿ, ಆಸ್ಪತ್ರೆಗೆ ಜೊತೆಗೊಂದು ಹೆಜ್ಜೆ, ಇಷ್ಟನ್ನು ನೀಡುವ ಹೊಣೆ ಮಾತ್ರ ಖಂಡಿತ ನಮ್ಮದು.