ಆಟಕ್ಕೆ ಕೂರುವ ಮುನ್ನ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಈ ತಿಂಗಳ ಗೋಷ್ಠಿಗೆ 'ಕಾಯಕ ಮತ್ತು ಕಾಲ' ಎಂಬ ವಿಷಯ ಕೊಟ್ಟಿದ್ದಾರೆ. ಕಾಲದ ಬಗ್ಗೆ ತತ್ತ್ವ ಹೇಳುವಷ್ಟು ಓದಿದವನು ನಾನಲ್ಲ. ಸಣ್ಣ ನೀರಾವರಿ ಇಲಾಖೆಯಲ್ಲಿ ಕೆರೆ, ಏರಿ, ತೂಬು ನೋಡಿಕೊಂಡು ನಿವೃತ್ತನಾದ ಎಂಜಿನಿಯರ್. ಆದ್ದರಿಂದ ಈಗ ನನ್ನ ಮುಂದೆ ನಿಜವಾಗಿ ಬಂದು ನಿಂತಿರುವ ಒಂದು ಪ್ರಶ್ನೆಯನ್ನೇ ತಮ್ಮ ಮುಂದೆ ಇಡುತ್ತೇನೆ. ಕೇಳಿ ನಗಬೇಡಿ. ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಕಂಪ್ಯೂಟರ್ ಆಟ ಶುರು ಮಾಡಬೇಕೇ, ಬೇಡವೇ?

ನನ್ನ ಮಗನ ಸಂಸಾರ ಕೆನಡಾದ ಟೊರಾಂಟೊದಲ್ಲಿದೆ. ಮೊಮ್ಮಗಳಿಗೆ ಹದಿನಾಲ್ಕು ವರ್ಷ. ಫೋನು ಮಾಡಿದರೆ 'ಅಜ್ಜಾ, ಊಟ ಆಯ್ತಾ' ಎನ್ನುತ್ತಾಳೆ, ಆಯಿತು ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಒಂದು ದಿನ ಅವಳು ಆಡುವ ಆಟ ಯಾವುದೆಂದು ಸುಮ್ಮನೆ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದಳು. ಕನ್ನಡದ ಪದ ಸಿಗದಿದ್ದಾಗ ಅವರಪ್ಪನನ್ನು ಕೂಗಿ ಕೇಳಿ, ಮತ್ತೆ ನನಗೆ ವಿವರಿಸಿದಳು. ಕೊನೆಗೆ 'ಅಜ್ಜಾ, ನೀನೂ ಬಾ' ಎಂದಳು. ಆ ಕರೆಗೆ ಏನು ಉತ್ತರ ಕೊಡಬೇಕು ಎಂಬುದೇ ನನ್ನ ಪ್ರಶ್ನೆ.

ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರ ನವೆಂಬರಿನಲ್ಲಿ ಹೊರತಂದದ್ದು. 2010ರಲ್ಲಿ ಚಂದಾ ಕಟ್ಟಿ ಆಡುವವರ ಸಂಖ್ಯೆ 1 ಕೋಟಿ 20 ಲಕ್ಷ ಮುಟ್ಟಿತ್ತು. ಅಜೆರಾತ್ ಎಂಬ ಕಲ್ಪನೆಯ ಲೋಕ. ಅಲ್ಲಿ ನಾವು ಒಂದು ಪಾತ್ರ ಆರಿಸಿಕೊಳ್ಳಬೇಕು. ಯೋಧನಾಗಬಹುದು, ಮಾಂತ್ರಿಕನಾಗಬಹುದು, ಗಾಯ ಮಾಯಿಸುವವನಾಗಬಹುದು. ದೇಶ ದೇಶಗಳ ಸಾವಿರಾರು ಜನ ಒಂದೇ ಲೋಕದಲ್ಲಿ ಓಡಾಡುತ್ತಿರುತ್ತಾರೆ. ಚದುರಂಗದಲ್ಲಿ ರಾಜ ಸಿಕ್ಕಿಬಿದ್ದರೆ ಆಟ ಮುಗಿಯಿತು, ಮಣೆ ಮಡಚಿ ಏಳಬಹುದು. ಇಲ್ಲಿ ನಾವು ಕಂಪ್ಯೂಟರ್ ಮುಚ್ಚಿ ಮಲಗಿದರೂ ಆ ಲೋಕ ನಡೆಯುತ್ತಲೇ ಇರುತ್ತದೆ. ಮುಗಿಯುವ ಆಟ ಇದಲ್ಲ.

ಇದನ್ನು ಹಣ ಪಣಕ್ಕಿಡುವ ಆಟಗಳ ಜೊತೆ ಸೇರಿಸಬೇಡಿ. ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಇದರಲ್ಲಿ ಜೂಜಿಲ್ಲ. ಅಮೆರಿಕದಲ್ಲಿ ತಿಂಗಳಿಗೆ ಸುಮಾರು 15 ಡಾಲರ್ ಚಂದಾ. ಇಲ್ಲಿ ಪಣಕ್ಕೆ ಬೀಳುವುದು ನಮ್ಮ ಹೊತ್ತು.

ಹೊತ್ತಿನ ಎಸ್ಟಿಮೇಟ್ ಹಾಕಿ ನೋಡಿದೆ. ಈ ಆಟದಲ್ಲಿ ದೊಡ್ಡ ಕಾಳಗಗಳನ್ನು ಒಬ್ಬರೇ ಗೆಲ್ಲಲಾಗುವುದಿಲ್ಲ. ಆರಂಭದ ವರ್ಷಗಳಲ್ಲಿ ಒಂದೊಂದಕ್ಕೆ 40 ಜನ ಒಂದೇ ಹೊತ್ತಿಗೆ ಸೇರಬೇಕಿತ್ತು. ಇದಕ್ಕಾಗಿ ಆಟಗಾರರು ಗಿಲ್ಡ್ ಎಂಬ ಸಂಘ ಕಟ್ಟಿಕೊಳ್ಳುತ್ತಾರೆ. ವಾರಕ್ಕೆ ಎರಡು ಸಂಜೆ, ಸಂಜೆಗೆ ಮೂರು ಗಂಟೆ ಎಂದು ಇಟ್ಟುಕೊಳ್ಳಿ. ವಾರಕ್ಕೆ 6, ವರ್ಷಕ್ಕೆ 312 ಗಂಟೆ. ದಿನಕ್ಕೆ ಎಂಟು ಗಂಟೆಯ ದುಡಿಮೆಯಂತೆ ಹಿಡಿದರೆ 39 ದಿನ. ಇದು ಕಾಳಗದ ಹೊತ್ತು ಮಾತ್ರ. ಅದಕ್ಕೆ ಸಿದ್ಧವಾಗಲು ಗಿಡಮೂಲಿಕೆ ಕೀಳುವುದು, ಅದಿರು ಅಗೆಯುವುದು, ಪಾತ್ರವನ್ನು ಬಲಪಡಿಸುವುದು ಬೇರೆ. 39 ಜನ ಕಾದಿರುವಾಗ, ಬಾಗಿಲಲ್ಲಿ ಯಾರು ಬಂದರೆಂದು ನೋಡಲೂ ಏಳುವುದು ಕಷ್ಟ. ಎಷ್ಟು ಗಂಟೆ ಎಂಬುದಕ್ಕಿಂತ, ಯಾವಾಗ ಬೇಕಾದರೂ ಏಳುವ ಸ್ವಾತಂತ್ರ್ಯ ಇದೆಯೇ ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಈ ಹೊತ್ತು ತಾನಾಗಿ ಸೋರಿಹೋಗುವುದಿಲ್ಲ. ಅದು ಹರಿಯುವ ಕಾಲುವೆಯನ್ನು ವಿನ್ಯಾಸ ಮಾಡಿದ ಎಂಜಿನಿಯರುಗಳಿದ್ದಾರೆ. ಆಟ ಪರೀಕ್ಷೆಯ ಹಂತದಲ್ಲಿದ್ದಾಗ ಅವರು ಒಂದು ನಿಯಮ ಮಾಡಿದ್ದರಂತೆ. ಬಹಳ ಹೊತ್ತು ಬಿಡದೆ ಆಡಿದವನಿಗೆ ಸಿಗುವ ಅಂಕ ಅರ್ಧಕ್ಕೆ ಇಳಿಯಬೇಕು, ಆಗ ಅವನು ಎದ್ದು ಹೋಗುತ್ತಾನೆ ಎಂಬ ಲೆಕ್ಕ. ಆಟಗಾರರು ಗೊಣಗಿದರು. ಆಗ ನಿಯಮವನ್ನು ತಿರುಗಿಸಿ ಬರೆದರು. ವಿಶ್ರಾಂತಿ ತೆಗೆದುಕೊಂಡು ಬಂದವನಿಗೆ ಕೆಲಹೊತ್ತು ದುಪ್ಪಟ್ಟು ಅಂಕ, ಆಮೇಲೆ ಮಾಮೂಲು. ಅರ್ಧ ಮತ್ತು ಪೂರ್ತಿ ಎನ್ನುತ್ತಿದ್ದದ್ದನ್ನು ಮಾಮೂಲು ಮತ್ತು ದುಪ್ಪಟ್ಟು ಎಂದು ಕರೆದರು, ಅಷ್ಟೆ. ಗೊಣಗಾಟ ನಿಂತಿತು. ವಿಶ್ರಾಂತಿ ಪಡೆಯಲಿ ಎಂಬ ಅವರ ಉದ್ದೇಶ ಒಳ್ಳೆಯದೇ. ಆದರೆ ಅಳತೆ ಪುಸ್ತಕ ಯಾರ ಕೈಯಲ್ಲಿದೆಯೋ ಅವರು ನಮ್ಮ ಮನಸ್ಸನ್ನೂ ತಿದ್ದಬಲ್ಲರು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಂಗತಿ. ಆಟದಲ್ಲಿ ಏರುವ ಮೆಟ್ಟಿಲಿಗೆ ಲೆವೆಲ್ ಎನ್ನುತ್ತಾರೆ. 2004ರಲ್ಲಿ ಕೊನೆಯ ಲೆವೆಲ್ 60. ಅದನ್ನು 2007ರಲ್ಲಿ 70, 2008ರಲ್ಲಿ 80 ಮಾಡಿದರು. ಹೀಗೇ 120ರವರೆಗೆ ಏರಿಸಿ, 2020ರಲ್ಲಿ ಮತ್ತೆ 60ಕ್ಕೆ ತಂದು, ಅಲ್ಲಿಂದ ಹೊಸದಾಗಿ ಏರಿಸತೊಡಗಿದರು. ಪ್ರತಿ ಕೆರೆಗೂ ಒಂದು ಕೋಡಿ ಇರುತ್ತದೆ. ನೀರು ಕೋಡಿ ಬಿದ್ದರೆ ಕೆರೆ ತುಂಬಿತು ಎಂದು ಊರಿಗೆ ತಿಳಿಯುತ್ತದೆ, ಬಾಗಿನ ಕೊಡುತ್ತಾರೆ. ಕೋಡಿಯನ್ನೇ ಆಗಾಗ ಎತ್ತರಿಸುತ್ತಾ ಹೋದರೆ ಕೆರೆ ತುಂಬುವುದು ಯಾವಾಗ?

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರ ಕಥೆ ನೆನಪಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಇಂದಿಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಆ ತಾಯಿ ತಿರುಗಿ ಕಳಿಸಿದರು. 'ಸಾಕು' ಎನ್ನುವ ಅಳತೆ ಲಕ್ಕಮ್ಮನವರ ಕೈಯಲ್ಲಿತ್ತು. ಆಟದಲ್ಲಿ ಆ ಅಳತೆ ಕಂಪನಿಯ ಕೈಯಲ್ಲಿರುತ್ತದೆ. ಆಡುವವರು ಅದನ್ನು ತಮ್ಮ ಮನೆಯಿಂದಲೇ ತೆಗೆದುಕೊಂಡು ಹೋಗಬೇಕು.

ಇಷ್ಟು ಕೇಳಿದ ಮೇಲೆ, 'ಹಾಗಾದರೆ ಬೇಡ ಅನ್ನಿ, ಮುಗಿಯಿತು' ಎಂದು ತಾವು ಹೇಳಬಹುದು. ಆದರೆ ಎದುರು ಪಕ್ಷದ ಮಾತನ್ನೂ ಕೇಳಬೇಕು.

ನಾರ್ವೆ ದೇಶದಲ್ಲಿ ಮ್ಯಾಟ್ಸ್ ಸ್ಟೀನ್ ಎಂಬ ಹುಡುಗನಿದ್ದ. ಹುಟ್ಟಿನಿಂದ ಬಂದ ಕಾಯಿಲೆಯಿಂದ ಅವನ ಸ್ನಾಯುಗಳು ವರ್ಷ ವರ್ಷಕ್ಕೂ ಸೋಲುತ್ತಾ ಬಂದವು. ಗಾಲಿಕುರ್ಚಿಯಲ್ಲಿ ಕೂತು ಇದೇ ಆಟ ಆಡುತ್ತಿದ್ದ. 2014ರಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗ ಸ್ನೇಹವಿಲ್ಲದೆ, ಯಾರಿಗೂ ಬೇಕಾಗದೆ ಬದುಕಿ ಹೋದ ಎಂದು ತಂದೆ ತಾಯಿ ಕೊರಗಿದರು. ಅವನ ಸಾವಿನ ಸುದ್ದಿ ಪ್ರಕಟಿಸಿದ ಮೇಲೆ ಹಲವು ದೇಶಗಳಿಂದ ಓಲೆಗಳು ಬರತೊಡಗಿದವು. ಆಟದೊಳಗೆ ಅವನ ಹೆಸರು ಇಬೆಲಿನ್. ಅಲ್ಲಿ ಎಷ್ಟೋ ಜನರ ದುಃಖ ಕೇಳಿದ್ದ, ಸಮಾಧಾನ ಹೇಳಿದ್ದ. ಮಗನೊಡನೆ ಬಾಂಧವ್ಯ ಬೆಸೆಯಲಾಗದೆ ಕಂಗೆಟ್ಟಿದ್ದ ಒಬ್ಬ ತಾಯಿಗೆ, ಆಟದೊಳಗೇ ಮಗನ ಜೊತೆ ಸೇರಿ ನೋಡು ಎಂದು ದಾರಿ ತೋರಿಸಿದ್ದ. ಅವನ ಗಿಲ್ಡಿನವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೆ ಬಂದರು. ಅವನ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ 2024ರಲ್ಲಿ ಬಂದಿದೆ, ನೆಟ್‌ಫ್ಲಿಕ್ಸಿನಲ್ಲಿ ನೋಡಿದೆ.

ಕುಲ, ದೇಹ, ವಯಸ್ಸು ಕೇಳದೆ ಮನುಷ್ಯನನ್ನು ಕೂರಿಸಿಕೊಳ್ಳುವ ಸಭೆ ಎಲ್ಲಿದ್ದರೂ ಅದನ್ನು ಗೌರವಿಸಬೇಕಾದವರು ನಾವು. ಹಾಗೆಂದು ಆ ಲೋಕವನ್ನು ಅನುಭವ ಮಂಟಪ ಎಂದು ಕರೆಯಲಾರೆ. ಅಲ್ಲಿ ಜಾತಿ ಕೇಳುವುದಿಲ್ಲ ನಿಜ, ಲೆವೆಲ್ ಕೇಳುತ್ತಾರೆ! ಆದರೆ ಮ್ಯಾಟ್ಸ್ ಅಲ್ಲಿ ಮಾಡಿದ್ದನ್ನು ಬರೀ ಆಟ ಎಂದು ತಳ್ಳಿಹಾಕಲಾಗದು.

ಶರಣರು ಕಾಯಕದಲ್ಲಿ ಮೈಮರೆಯುವುದನ್ನು ಮೆಚ್ಚಿದರು. ಆಟಗಾರನೂ ಮೈಮರೆಯುತ್ತಾನೆ, ಅವನೂ ಬೆವರು ಸುರಿಸುತ್ತಾನೆ. ಹಾಗಾದರೆ ವ್ಯತ್ಯಾಸವೇನು? ನನಗೆ ತೋಚಿದ್ದು ಇಷ್ಟು. ಕಾಯಕದ ಫಲ ದಾಸೋಹವಾಗಿ ಇನ್ನೊಬ್ಬರಿಗೆ ಸಲ್ಲುತ್ತದೆ. ಆಟದಲ್ಲಿ ಗಳಿಸಿದ ಕತ್ತಿ, ಕವಚ, ಚಿನ್ನ ಆ ಲೋಕದಿಂದ ಹೊರಗೆ ಬರುವುದಿಲ್ಲ. ಹೊರಗೆ ಬರುವುದು ಒಂದೇ, ಮನುಷ್ಯ ಮನುಷ್ಯರ ನಡುವೆ ಬೆಳೆದ ವಿಶ್ವಾಸ. ಆದ್ದರಿಂದ ನಾನು ಆಡುವುದಾದರೆ ಅದಕ್ಕಾಗಿ ಮಾತ್ರ ಆಡಬೇಕು.

ಸಭೆಯಲ್ಲಿ ತಂದೆ ತಾಯಂದಿರಿದ್ದೀರಿ, ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬಹಳ ಆಡಿದ ಮಾತ್ರಕ್ಕೆ ಕಾಯಿಲೆಯಲ್ಲ. ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮೊದಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರುವುದು, ಇವು ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಮನೆಯಲ್ಲಿ ಅಂಥ ಲಕ್ಷಣ ಕಂಡರೆ ಬೈದು ಬಡಿದು ಮಾಡಬೇಡಿ, ಅಲ್ಲಿಗೆ ಕರೆದುಕೊಂಡು ಹೋಗಿ. ಆ ಹಂತ ಮುಟ್ಟುವ ಮೊದಲು, ಏನು ಆಡುತ್ತೀಯಪ್ಪಾ ಎಂದು ಒಮ್ಮೆ ಪಕ್ಕದಲ್ಲಿ ಕೂತು ಕೇಳಿ.

ಇನ್ನು ನನ್ನ ತೀರ್ಮಾನ. ಮೊಮ್ಮಗಳು ಸಂಜೆ 7ಕ್ಕೆ ಆಟಕ್ಕೆ ಕೂರುತ್ತಾಳೆ. ಆಗ ಇಲ್ಲಿ ಬೆಳಗಿನ ಜಾವ 4.30, ಚಳಿಗಾಲದಲ್ಲಿ 5.30. ಅದು ನನ್ನ ಸ್ನಾನ ಮತ್ತು ಇಷ್ಟಲಿಂಗ ಪೂಜೆಯ ವೇಳೆ. ಆ ವೇಳೆಯನ್ನು ಬಿಟ್ಟುಕೊಡಲಾರೆ ಎಂದು ಅವಳಿಗೆ ಹೇಳಿದೆ. ಯಾಕೆ ಎಂದು ಕೇಳಿದಳು. ಇಷ್ಟಲಿಂಗವೆಂದರೇನು, ಅಂಗೈಯಲ್ಲಿ ಹಿಡಿದು ಏನು ಮಾಡುತ್ತೇನೆ ಎಂದು ವಿವರಿಸಿದೆ. ಅದನ್ನು ಅವಳು ನನ್ನಿಂದ ಕೇಳಿದ್ದು ಅದೇ ಮೊದಲು. ಆಮೇಲೆ ಅವಳೇ ಲೆಕ್ಕ ಹಾಕಿ, ಶನಿವಾರ ಅವಳ ಬೆಳಿಗ್ಗೆ 9 ಗಂಟೆ ಎಂದಳು. ಇಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30.

ಈ ಆಟವನ್ನು 20ನೆಯ ಲೆವೆಲ್‌ವರೆಗೆ ಚಂದಾ ಇಲ್ಲದೆ ಆಡಬಹುದು. ಹಾಗೆ ಪುಕ್ಕಟೆ ಆಡುವವರಿಗೆ ಗಿಲ್ಡ್ ಸೇರಲು ಅವಕಾಶವಿಲ್ಲ. ಕಂಪನಿಯ ಮಟ್ಟಿಗೆ ಅದು ಕೊರತೆ, ನನ್ನ ಮಟ್ಟಿಗೆ ಅದೇ ಕೋಡಿ. ಆದ್ದರಿಂದ ಶುರು ಮಾಡುವುದು ಎಂದು ತೀರ್ಮಾನಿಸಿದ್ದೇನೆ. ವಾರಕ್ಕೆ ಒಂದೇ ದಿನ, ಒಂದೇ ಗಂಟೆ, ಮೊಮ್ಮಗಳ ಜೊತೆಗೆ ಮಾತ್ರ. ಅವಳಿಲ್ಲದ ದಿನ ಕಂಪ್ಯೂಟರ್ ತೆರೆಯುವುದಿಲ್ಲ. ಈ ಗೋಷ್ಠಿ ಇರುವ ಶನಿವಾರ ಆಟಕ್ಕೆ ರಜೆ. ಆಡುವಾಗ ಮಾತು ಕನ್ನಡದಲ್ಲಿ. 20ನೆಯ ಲೆವೆಲ್ ಮುಟ್ಟಿದ ದಿನ ಇಬ್ಬರೂ ಕೂತು ಲೆಕ್ಕ ನೋಡುತ್ತೇವೆ. ನಮ್ಮ ಮಾತು ಬೆಳೆದಿದೆಯೋ, ಬರೀ ಲೆವೆಲ್ ಬೆಳೆದಿದೆಯೋ? ಮಾತು ಬೆಳೆದಿರದಿದ್ದರೆ ಅಲ್ಲಿಗೆ ನಿಲ್ಲಿಸುತ್ತೇವೆ. ಈ ಷರತ್ತಿಗೆ ಅವಳೂ ಒಪ್ಪಿದ್ದಾಳೆ.

ಗಾಯ ಮಾಯಿಸುವವನ ಪಾತ್ರ ಆರಿಸಿಕೋ ಅಜ್ಜಾ ಎಂದಿದ್ದಾಳೆ. ಅವಳು ಮುಂದೆ ಹೋಗಿ ಹೊಡೆದಾಡುತ್ತಾಳಂತೆ, ನಾನು ಹಿಂದೆ ನಿಂತು ಅವಳನ್ನು ಕಾಯಬೇಕಂತೆ. ಅಜ್ಜನಿಗೆ ಇದು ಹೊಸ ಕೆಲಸವೇನಲ್ಲ.

ಹೊಸದು ಬಂದಾಗ ಕಣ್ಣು ಮುಚ್ಚಿ ಒಪ್ಪುವುದೂ ಬೇಡ, ಕಣ್ಣು ಮುಚ್ಚಿ ದೂಡುವುದೂ ಬೇಡ. ಅಳೆದು ನೋಡೋಣ, ಅಳತೆಗೋಲು ನಮ್ಮದಿರಲಿ.