ಅಕ್ಕನ ಒಲವಿಗೆ ಅಕ್ಕನೇ ಸಾಕ್ಷಿ

(ಶಿವಮೊಗ್ಗದ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಕಳೆದ ತಿಂಗಳು ಭದ್ರಾವತಿಯಲ್ಲಿ ಅಕ್ಕಮಹಾದೇವಿಯ ವಚನಗಳ ವಿಷಯವಾಗಿ ನಾಲ್ಕು ಮಾತನಾಡುವ ಸಂದರ್ಭ ನನಗೊದಗಿತ್ತು. ಸಭೆ ಮುಗಿದ ತರುವಾಯ ಉಪಾಧ್ಯಾಯರೊಬ್ಬರು ನನ್ನನ್ನು ಒತ್ತಟ್ಟಿಗೆ ಕರೆದು, “ವಕೀಲರೆ, ಈ ವಚನಗಳಲ್ಲಿ ಗಂಡನ ಮಾತು, ವಿರಹದ ಮಾತು, ಕೂಡುವ ಮಾತು ಎಲ್ಲವೂ ಬರುತ್ತದೆ. ಹುಡುಗಿಯರೂ ಕುಳಿತಿರುವ ತರಗತಿಯಲ್ಲಿ ಏನೆಂದು ಪಾಠ ಹೇಳಲಿ? ಇದೆಲ್ಲವೂ ಭಕ್ತಿಯೆಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೇನೆ. ಅದು ಸರಿಯೆ?” ಎಂದು ಕೇಳಿದರು. ಅಂದು ನಾನು ಸಮರ್ಪಕವಾದ ಉತ್ತರವನ್ನು ಕೊಡಲಾರದೆ ಹೋದೆನು. ಇಂದಿನ ಭಾಷಣವು ಆ ಸಾಲದ ತೀರುವಳಿ.

ಅಕ್ಕನು ನಮ್ಮ ಜಿಲ್ಲೆಯವಳು. ಶಿಕಾರಿಪುರ ತಾಲ್ಲೂಕಿನ ಉಡುತಡಿ ಆಕೆಯ ಊರು. ಕಾಲ ಹನ್ನೆರಡನೆಯ ಶತಮಾನ. ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅದೇ ತಾಲ್ಲೂಕಿನಲ್ಲಿದೆ. ಇಷ್ಟು ಹತ್ತಿರದವಳಾಗಿರುವುದರಿಂದಲೋ ಏನೋ, ನಾವು ಆಕೆಗೆ ಕೈಮುಗಿಯುವುದು ಹೆಚ್ಚು, ಓದುವುದು ಕಡಿಮೆ.

ಆಕೆಯ ವಿವಾಹದ ವಿಷಯದಲ್ಲಿ ನಮ್ಮ ಕವಿಗಳಲ್ಲಿಯೇ ಎರಡು ಪಕ್ಷಗಳಿವೆ. ಹರಿಹರನು ತನ್ನ ರಗಳೆಯಲ್ಲಿ ಹೇಳುವ ಪ್ರಕಾರ ಅರಸನಾದ ಕೌಶಿಕನು ಆಕೆಯನ್ನು ಕಂಡು ಮೋಹಿಸಿದನು. ತಂದೆತಾಯಿಗಳಿಗೆ ಅರಮನೆಯ ಕಡೆಯಿಂದ ಭಯವುಂಟಾಯಿತು. ಆಗ ಮಗಳು ತಾನೇ ಮುಂದೆ ಬಂದು, ಕೆಲವು ಷರತ್ತುಗಳ ಮೇಲೆ ಒಪ್ಪಿದಳು. ಲಿಂಗಪೂಜೆ, ಜಂಗಮರ ಸಂಗ, ಗುರುಸೇವೆ ಇವುಗಳಲ್ಲಿ ತನ್ನ ಇಚ್ಛೆಯೇ ನಡೆಯಬೇಕು. ಮೂರು ತಪ್ಪುಗಳವರೆಗೆ ಸೈರಿಸುವೆನು. ಅರಸನು ಮೂರು ಸಲವೂ ತಪ್ಪಿದನು, ಆಕೆ ಹೊರಟುಹೋದಳು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಾದರೋ ಆಕೆ ಅರಸನ ಹೆಂಡತಿಯಾಗುವುದೇ ಇಲ್ಲ.

ವೃತ್ತಿಯ ಚಾಳಿಯನ್ನು ಸಭಿಕರು ಕ್ಷಮಿಸಬೇಕು. ಹರಿಹರನ ಕಥೆಯನ್ನೋದುವಾಗ ನನಗೆ ಮೊದಲು ಕಾಣುವುದು ಒಂದು ಕರಾರು. 1872ರ ಕರಾರು ಕಾಯಿದೆಯ 10ನೆಯ ಕಲಮು ಒಪ್ಪಿಗೆಯು ಸ್ವತಂತ್ರವಾಗಿರಬೇಕೆನ್ನುತ್ತದೆ. ಬಲಾತ್ಕಾರದಿಂದ ಪಡೆದ ಒಪ್ಪಿಗೆಯ ಮದುವೆಯನ್ನು ರದ್ದುಪಡಿಸಿಕೊಳ್ಳಬಹುದೆಂದು 1955ರ ಹಿಂದೂ ವಿವಾಹ ಕಾಯಿದೆಯ 12ನೆಯ ಕಲಮು ಹೇಳಿತು. ಈ ಎರಡಕ್ಕೂ ಏಳು ನೂರು ವರ್ಷಗಳ ಕೆಳಗೆಯೇ, ಭಯದ ನಡುವೆ ಸಿಕ್ಕಿದ ಹೆಣ್ಣೊಬ್ಬಳು ತನ್ನ ಬಿಡುಗಡೆಯ ಬಾಗಿಲನ್ನು ತಾನೇ ಕೊರೆದಿಟ್ಟುಕೊಂಡಳೆಂಬ ಕಥೆ ಕನ್ನಡದಲ್ಲಿ ಹುಟ್ಟಿತ್ತು. ಮುಂದಿನ ಕವಿಗೆ ಆ ಮದುವೆಯನ್ನೇ ಅಳಿಸಿಬಿಡಬೇಕೆಂದು ತೋರಿತೇಕೆ? ಸಂತಳಾದವಳಿಗೆ ಬಿಟ್ಟುಬಂದ ಗಂಡನಿರುವುದು ಮುಜುಗರವಾಯಿತೆಂದೇ ನನ್ನ ಊಹೆ.

ಆದರೆ ಹರಿಹರನೂ ಚಾಮರಸನೂ ಕೇಳಿ ಹೇಳಿದವರು, ಕಂಡವರಲ್ಲ. ನ್ಯಾಯಾಲಯದಲ್ಲಿ ಇಂಥ ಸಾಕ್ಷ್ಯಕ್ಕೆ ಎಷ್ಟು ಬೆಲೆಯೆಂಬುದು ತಮಗೆಲ್ಲ ತಿಳಿದದ್ದೇ. ಅಕ್ಕನದೇ ಆದ ವಚನಗಳು ನಾಲ್ಕುನೂರಕ್ಕೂ ಹೆಚ್ಚು ನಮಗೆ ದೊರೆತಿರುವಾಗ ಆಕೆಯನ್ನೇ ಕೇಳಬಾರದೇಕೆ?

ಕೇಳಿದರೆ ಆಕೆ ಏನನ್ನು ಹೇಳುತ್ತಾಳೆ? ಒಂದು ವಚನದಲ್ಲಿ ಮಾಯೆಯನ್ನೇ ಅತ್ತೆಯೆಂದು ಕರೆದು, ಮಾವ, ಮೈದುನರು, ನಾದಿನಿಯರು ಎಂದು ಇಡೀ ಮನೆಯನ್ನು ನಮ್ಮ ಮುಂದೆ ನಿಲ್ಲಿಸುತ್ತಾಳೆ. ಅದರ ತತ್ತ್ವಾರ್ಥವನ್ನು ಪಂಡಿತರು ಬಿಡಿಸಿ ಹೇಳಿದ್ದಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಅತ್ತೆಯ ಮನೆಯ ಇಕ್ಕಟ್ಟೆಂದರೇನೆಂಬುದನ್ನು ಅರಿಯದವರು ಆ ಉಪಮೆಯನ್ನು ಕಟ್ಟಲಾರರು, ಅರಿಯದವರಿಗೆ ಅದು ತಟ್ಟಲಾರದು. ಇನ್ನೊಂದರಲ್ಲಿ ಗಿಳಿ, ಕೋಗಿಲೆ, ದುಂಬಿ, ಹಂಸೆಗಳನ್ನು ಒಂದೊಂದಾಗಿ ಕರೆದು, ನನ್ನವನನ್ನು ಕಂಡಿರಾ ಎಂದು ಕೇಳುತ್ತ ಅಲೆಯುತ್ತಾಳೆ. ಕಾದು ಕಾದು ಬೇಸತ್ತದ್ದು, ಸಾಯುವ ಕೆಡುವ ಗಂಡಂದಿರನ್ನು ಒಲ್ಲೆನೆಂದದ್ದು, ಸಾವಿಲ್ಲದವನಿಗೆ ಒಲಿದದ್ದು ಎಲ್ಲವೂ ಅಲ್ಲಿದೆ. ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆಯುವಾಗ ಆಕೆ ಗಂಡನೆಂಬ ಮಾತಿಗಿದ್ದ ಹಳೆಯ ಅರ್ಥವನ್ನು ತೂಗಿ ನೋಡಿ, ಕೊರತೆಯನ್ನು ಕಂಡು, ಹೊಸದನ್ನು ಇಟ್ಟಿದ್ದಾಳೆ. ಭಕ್ತಿಯೆಂಬ ಒಂದೇ ಮುದ್ರೆಯನ್ನೊತ್ತಿ ಕಡತವನ್ನು ಕಟ್ಟಿಬಿಟ್ಟರೆ ಆ ತೂಗುವಿಕೆಯೇ ಕಾಣದೆ ಹೋಗುತ್ತದೆ.

‘ಶೂನ್ಯಸಂಪಾದನೆ’ಯಲ್ಲಿ ಅಕ್ಕನು ಕಲ್ಯಾಣಕ್ಕೆ ಬಂದಾಗ ಅಲ್ಲಮನು ನಡೆಸುವ ವಿಚಾರಣೆಗೆ ಸಮನಾದ ಪಾಟೀಸವಾಲನ್ನು ನಾನು ಯಾವ ಕೋರ್ಟಿನಲ್ಲಿಯೂ ಕೇಳಿಲ್ಲ. ನಿನ್ನ ಗಂಡನಾರು ಎಂಬ ಪ್ರಶ್ನೆಯನ್ನು ಆಕೆಯೂ ಎದುರಿಸಬೇಕಾಯಿತು. (ಹೆಣ್ಣುಮಗಳು ಸಾಕ್ಷಿಯ ಕಟ್ಟೆಯನ್ನೇರಿದರೆ ಇಂದಿಗೂ ಆ ಪ್ರಶ್ನೆ ತಪ್ಪಿದ್ದಲ್ಲ.) ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಮಾಡಿದ್ದೇಕೆ ಎಂಬುದು ಅದಕ್ಕಿಂತ ಕಠಿನವಾದ ಪ್ರಶ್ನೆ. ನೋಡುವ ನಿಮಗೆ ನೋವಾದೀತೆಂದು ಮುಚ್ಚಿದ್ದೇನೆ ಎಂಬುದು ಆಕೆಯ ಉತ್ತರದ ತಾತ್ಪರ್ಯ. ನಾಚಿಕೆಯ ಹೊರೆಯನ್ನು ತನ್ನ ಮೈಯಿಂದಿಳಿಸಿ ನೋಡುವವರ ಕಣ್ಣಿನ ಮೇಲೆ ಹೊರಿಸಿದ ಆ ಮಾತಿಗೆ ಮರುಸವಾಲು ಹಾಕುವುದು ನನ್ನಿಂದಂತೂ ಆಗದು.

ಇಂಥ ಮಾತುಗಳು ನಮ್ಮ ಕೈಸೇರಿದ್ದು ಇನ್ನೊಬ್ಬ ವಕೀಲರ ದುಡಿಮೆಯಿಂದ. ವಿಜಾಪುರದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನರಸಿ ಮನೆ ಮನೆ ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಆ ಕಾಲದ ನಕ್ಷೆಯನ್ನು ನೆನೆಯಿರಿ. ಉಡುತಡಿ ಮೈಸೂರು ಸಂಸ್ಥಾನದಲ್ಲಿ. ಕಲ್ಯಾಣ ನಿಜಾಮನ ಹೈದರಾಬಾದಿನಲ್ಲಿ. ಆಕೆಯ ಕೊನೆಯ ನೆಲೆಯಾದ ಶ್ರೀಶೈಲ ಮದರಾಸು ಆಧಿಪತ್ಯದಲ್ಲಿ. ವಚನಗಳನ್ನು ಕೂಡಿಸಿದ ವಿಜಾಪುರ ಮುಂಬಯಿ ಆಧಿಪತ್ಯದಲ್ಲಿ. ಒಬ್ಬ ಹೆಣ್ಣುಮಗಳು ಕಾಲ್ನಡಿಗೆಯಿಂದ ದಾಟಿದ ನೆಲವನ್ನು ನಾಲ್ಕು ಸರಕಾರಗಳು ಹಂಚಿಕೊಂಡಿದ್ದವು. 1956ರ ನವೆಂಬರ್ 1ರಂದು ಅವುಗಳಲ್ಲಿ ಮೂರು ಒಂದಾದವು. ಶ್ರೀಶೈಲ ಆಂಧ್ರಕ್ಕೆ ಸೇರಿತ್ತು. ಏಕೀಕರಣಕ್ಕಾಗಿ ದುಡಿದ ಹಿರಿಯರು ವಚನಗಳನ್ನು ಏಕೆ ಅಷ್ಟು ಹಚ್ಚಿಕೊಂಡಿದ್ದರೆಂಬುದು ಈ ದಾರಿಯನ್ನು ನೋಡಿದರೆ ತಿಳಿಯುತ್ತದೆ.

ಇನ್ನು ಭದ್ರಾವತಿಯ ಉಪಾಧ್ಯಾಯರ ಪ್ರಶ್ನೆ. ಅಯ್ಯಾ, ಭಕ್ತಿಯನ್ನು ಬಿಡಬೇಡಿ. ಆದರೆ ಅದನ್ನು ಕೊನೆಗೆ ಹೇಳಿ. ಮೊದಲು ಆ ಅತ್ತೆ ಮಾವಂದಿರ ವಚನವನ್ನು ಗಟ್ಟಿಯಾಗಿ ಓದಿ, ಸುಮ್ಮನಿದ್ದು, ಹುಡುಗಿಯರು ಏನೆನ್ನುತ್ತಾರೋ ಕೇಳಿರಿ. ಅವರಲ್ಲಿ ಅಕ್ಕಂದಿರನ್ನು ಮದುವೆ ಮಾಡಿ ಕಳುಹಿಸಿದವರಿರುತ್ತಾರೆ. ತಮ್ಮ ಮದುವೆಯ ಮಾತುಕತೆಯನ್ನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿರುವವರೂ ಇದ್ದಾರು. ಹುಡುಗರೂ ಅದನ್ನು ಕೇಳಿಸಿಕೊಳ್ಳಲಿ.

ಆ ಉಪಾಧ್ಯಾಯರು ಈ ಸಭೆಗೂ ದಯಮಾಡಿಸಿದ್ದಾರೆ. ಕೇಳುವುದು ಇನ್ನೇನಾದರೂ ಉಳಿದಿದ್ದರೆ ಈಗಲೇ ಕೇಳಬಹುದು.