ಒಂದೇ ಬಟ್ಟಲು
(ತೋಟದ ಕಾರ್ಮಿಕರ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ದಿನವಿಡೀ ಸೊಪ್ಪು ಕಿತ್ತು, ತೂಕ ಮುಗಿಸಿ, ಲೈನಿಗೆ ಹೋಗಿ ಮಕ್ಕಳಿಗೆ ಅನ್ನವಿಟ್ಟು ಬಂದಿದ್ದೀರಿ. ನಿಮ್ಮನ್ನು ಬಹಳ ಹೊತ್ತು ಕೂರಿಸುವುದಿಲ್ಲ. ಈ ಸಂಜೆ ನಾವು ಕರ್ತನ ಮೇಜಿನ ಮೇಲಿರುವ ಬಟ್ಟಲಿನ ವಿಷಯ ಮಾತಾಡಬೇಕಾಗಿದೆ. ಯಾಕೆಂಬುದು ನಿಮಗೆಲ್ಲ ಗೊತ್ತು. ಆದರೂ ಕೊನೆಗೆ ಬಾಯಿಬಿಟ್ಟೇ ಹೇಳುತ್ತೇವೆ.

ಕರ್ತನು ಕಡೇ ರಾತ್ರಿ ಶಿಷ್ಯರ ಕೈಗೆ ಕೊಟ್ಟ ಪಾತ್ರೆ ಚಿನ್ನದ್ದೋ ಮಣ್ಣಿನದೋ ಎಂದು ಸುವಾರ್ತೆಗಳಲ್ಲಿ ಬರೆದಿಲ್ಲ. ಅದರಿಂದ ಎಲ್ಲರೂ ಕುಡಿದರೆಂಬುದನ್ನು ಮಾತ್ರ ಮಾರ್ಕನು ಬರೆದಿಟ್ಟಿದ್ದಾನೆ. ಲೋಹದ ಚಿಂತೆ ಆಮೇಲೆ ಬಂದದ್ದು.

ಐರ್ಲೆಂಡ್ ದೇಶದ ಆರ್ಡಾ ಎಂಬ ಊರಿನ ಹತ್ತಿರ 1868ರಲ್ಲಿ ಇಬ್ಬರು ಹುಡುಗರು ಉರುಳಗಡ್ಡೆ ಅಗೆಯುತ್ತಿದ್ದಾಗ ಮಣ್ಣಿನೊಳಗೆ ಒಂದು ಬೆಳ್ಳಿಯ ಬಟ್ಟಲು ಸಿಕ್ಕಿತು. ಅದು 8ನೆಯ ಶತಮಾನದ್ದು. 350ಕ್ಕೂ ಹೆಚ್ಚು ಚೂರುಗಳನ್ನು ಜೋಡಿಸಿ ಮಾಡಿದ ಕೆಲಸ. ಅಪೊಸ್ತಲರ ಹೆಸರುಗಳನ್ನು ಸಣ್ಣಗೆ ಕೊರೆದಿದ್ದಾರೆ. ಈಗ ಡಬ್ಲಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಎರಡು ಹಿಡಿಗಳಿವೆ, ಬಾಯಿ ಬಹಳ ಅಗಲ. ಪಾದ್ರಿ ಒಬ್ಬನೇ ಕುಡಿಯಲು ಅಷ್ಟು ದೊಡ್ಡದು ಬೇಕಿಲ್ಲ. ಸಭೆಯ ಜನರಿಗೆಲ್ಲ ಕೊಡುವುದಕ್ಕಾಗಿ ಮಾಡಿದ ಬಟ್ಟಲು ಅದು.

ಆದರೆ ಪಶ್ಚಿಮ ದೇಶಗಳ ಸಭೆಯಲ್ಲಿ ಸುಮಾರು 12ನೆಯ ಶತಮಾನದಿಂದ ಈಚೆಗೆ ಆ ರೂಢಿ ತಪ್ಪುತ್ತಾ ಬಂತು. ದ್ರಾಕ್ಷಾರಸ ಚೆಲ್ಲೀತೆಂಬ ಭಯ ಒಂದು ಕಾರಣ. ರೊಟ್ಟಿಯೊಂದರಲ್ಲೇ ಕರ್ತನು ಪೂರ್ಣನಾಗಿದ್ದಾನೆಂಬ ಬೋಧನೆ ಇನ್ನೊಂದು. ಹೀಗೆ ಜನರಿಗೆ ರೊಟ್ಟಿ ಮಾತ್ರ, ಬಟ್ಟಲು ಪಾದ್ರಿಗೆ ಎಂದಾಯಿತು.

ಬೊಹೇಮಿಯ, ಅಂದರೆ ಇಂದಿನ ಚೆಕ್ ದೇಶದ ಜನ ಇದನ್ನು ಒಪ್ಪಲಿಲ್ಲ. 1414ರಲ್ಲಿ ಪ್ರಾಗ್ ಪಟ್ಟಣದ ಕೆಲವು ಪಾದ್ರಿಗಳು ಜನರ ಕೈಗೆ ಮತ್ತೆ ಬಟ್ಟಲು ಕೊಟ್ಟರು. ಮಾರನೆಯ ವರ್ಷ ಜೂನಿನಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಅದನ್ನು ನಿಷೇಧಿಸಿತು. ಮೂರೇ ವಾರ ಕಳೆದು, 1415ರ ಜುಲೈ 6ರಂದು, ಆ ಜನರ ಬೋಧಕನಾದ ಯಾನ್ ಹುಸ್‌ನನ್ನು ಅಲ್ಲೇ ಸುಟ್ಟರು. ಆಮೇಲೆ ಆ ನಾಡಿನವರ ಬಾವುಟದ ಮೇಲೆ ಬಂದ ಗುರುತು ಈ ಬಟ್ಟಲೇ. ರೈತರು ಕಾಳು ಬಡಿಯುವ ಕೋಲುಗಳನ್ನೇ ಹಿಡಿದು ಯುದ್ಧಕ್ಕೆ ನಿಂತರು. ಆ ಯುದ್ಧಗಳಲ್ಲಿ ಎರಡೂ ಕಡೆಯವರು ಕ್ರೂರರಾದರು. ಅದನ್ನು ನಾವು ಹೊಗಳುವುದಿಲ್ಲ. 1436ರಲ್ಲಿ ಒಪ್ಪಂದವಾಗಿ ಬಟ್ಟಲು ಸಿಕ್ಕಿತು. 1462ರಲ್ಲಿ ಪೋಪರು ಆ ಒಪ್ಪಂದವನ್ನು ರದ್ದುಮಾಡಿದರು. 1620ರ ಸೋಲಿನ ನಂತರ ಪ್ರಾಗ್‌ನ ಟೀನ್ ದೇವಾಲಯದ ಎದುರುಗೋಡೆಯ ಮೇಲಿದ್ದ ಬಟ್ಟಲನ್ನೂ ಕೆಳಗಿಳಿಸಿದರು. ಕಥೋಲಿಕ ಸಭೆಯು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1963ರಲ್ಲಿ, ಕೆಲವು ಸಂದರ್ಭಗಳಲ್ಲಿ ಜನರಿಗೂ ಬಟ್ಟಲು ಕೊಡಬಹುದೆಂದು ಹೇಳಿತು. ಒಂದು ಗುಟುಕಿಗಾಗಿ ಐನೂರು ವರ್ಷಕ್ಕೂ ಹೆಚ್ಚು ಕಾದರು.

ಇದು ದೂರದ ಮಾತು ಎನ್ನಬೇಡಿರಿ. ನಮ್ಮ ಈ ಸೀಮೆಯಲ್ಲೇ, ತಮಿಳು ಸಭೆಗಳು ಕೆಲವದರಲ್ಲಿ, ಒಂದು ಕಾಲಕ್ಕೆ ಜಾತಿಗೊಂದು ಬಟ್ಟಲು ಇತ್ತು. ಸಭೆಯೊಳಗೆ ಜಾತಿಭೇದ ನಿಲ್ಲಬೇಕೆಂದು 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಆಜ್ಞೆ ಬರೆದು ಕಳಿಸಿದಾಗ ಎಷ್ಟೋ ಜನ ಸಭೆಯನ್ನೇ ಬಿಟ್ಟುಹೋದರು. ಬಟ್ಟಲು ಬೇಕೆಂದು ಪ್ರಾಣಕೊಟ್ಟವರು ಅಲ್ಲಿ. ಪಕ್ಕದವನು ಮುಟ್ಟಿದ ಬಟ್ಟಲು ಬೇಡವೆಂದು ಎದ್ದುಹೋದವರು ಇಲ್ಲಿ.

ನಮ್ಮ ಅಪ್ಪಂದಿರ ಕಾಲ ನೆನಪಿದೆಯೇ? ತೋಟದ ಗೇಟಿನ ಕೆಳಗಿನ ಚಹದಂಗಡಿಯಲ್ಲಿ ಅವರಿಗೆ ಬೇರೆ ಲೋಟ. ಕುಡಿದು, ತಾವೇ ತೊಳೆದು, ಹೊರಗಿನ ಗೂಡಿನಲ್ಲಿ ಇಟ್ಟುಬರಬೇಕು. ಅವರೇ ಕಿತ್ತ ಸೊಪ್ಪಿನ ಚಹ. ಲೋಟ ಮಾತ್ರ ಬೇರೆ. ಆ ಲೋಟದ ಅವಮಾನ ಉಂಡವರ ಮಕ್ಕಳು ನಾವು.

ಈಗ ನಮ್ಮ ವಿಷಯಕ್ಕೆ ಬರೋಣ. 2020ರಲ್ಲಿ ಕೊರೋನಾ ಬಂದಾಗ ಬಟ್ಟಲನ್ನು ಎತ್ತಿಟ್ಟೆವು. ಸರಿಯಾದದ್ದನ್ನೇ ಮಾಡಿದೆವು. ರೋಗ ಇಳಿದ ಮೇಲೆ ಮತ್ತೆ ತೆಗೆದೆವು; ಯಾರೂ ಒಂದು ಮಾತೂ ಆಡಲಿಲ್ಲ. ಕಳೆದ ಪುನರುತ್ಥಾನದ ಹಬ್ಬದಲ್ಲಿ ಜಾರ್ಖಂಡಿನಿಂದ ಕೆಲಸಕ್ಕೆ ಬಂದ ಕುಟುಂಬವೊಂದು, ಅವರೂ ಕ್ರೈಸ್ತರೇ, ಸಾಲಿನಲ್ಲಿ ನಿಂತು ಕುಡಿಯಿತು. ಅವರ ಹಿಂದಿದ್ದ ನಮ್ಮವರು ಕೆಲವರು ಸಾಲು ಬಿಟ್ಟು ಹೋಗಿ ಕೂತರು. ಮರುವಾರ, "ಹಿಂದಿಯವರಿಗೆ ಬೇರೆ ಬಟ್ಟಲು ಇಟ್ಟರೆ ಒಳ್ಳೆಯದು, ಕಾಯಿಲೆ ಕಾಲ" ಎಂಬ ಮಾತು ಬಂತು. ಹಾಗೆ ಆಡಿದವರನ್ನು ನಾವು ಹೆಸರಿಸುವುದಿಲ್ಲ. ಆ ಹೊತ್ತಿಗೆ ಎದ್ದು "ಬೇಡ" ಎನ್ನದೆ ಸುಮ್ಮನಿದ್ದವರು ನಾವೆಲ್ಲರೂ ತಪ್ಪಿತಸ್ಥರೇ.

5ನೆಯ ಶತಮಾನದಲ್ಲಿ, ಟೈಗ್ರಿಸ್ ನದಿಯ ದಡದ ಅಮಿದ ಪಟ್ಟಣದಲ್ಲಿ ಅಕಾಕಿಯಸ್ ಎಂಬ ಬಿಷಪ್ ಇದ್ದನು. ರೋಮಿನ ಸೈನಿಕರು ಸೆರೆಹಿಡಿದ ಸುಮಾರು 7,000 ಪಾರಸಿಕರು ಅಲ್ಲಿ ಹಸಿವಿನಿಂದ ಸಾಯುತ್ತಿದ್ದರು. ಅವರು ಶತ್ರುಗಳು, ಬೇರೆ ಭಾಷೆಯವರು, ಬೇರೆ ಮತದವರು. ದೇವರು ಉಣ್ಣುವವನೂ ಅಲ್ಲ ಕುಡಿಯುವವನೂ ಅಲ್ಲ, ಅವನಿಗೆ ತಟ್ಟೆ ಬಟ್ಟಲು ಏಕೆ ಎಂದು ಅವನು ತನ್ನ ಪಾದ್ರಿಗಳನ್ನು ಕೇಳಿದನು. ಸಭೆಯ ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಕರಗಿಸಿ, ಆ ಹಣದಿಂದ ಸೆರೆಯವರನ್ನು ಬಿಡಿಸಿ, ಊಟ ಹಾಕಿ, ದಾರಿಖರ್ಚು ಕೊಟ್ಟು ಊರಿಗೆ ಕಳಿಸಿದನು. ಪರದೇಶಿಗಳಿಗಾಗಿ ಅವನು ಬಟ್ಟಲನ್ನೇ ಕರಗಿಸಿದನು. ನಾವು ಒಂದು ಗುಟುಕು ಹಂಚಿಕೊಳ್ಳಲಾರೆವೇ?

ಕಾಯಿಲೆಯ ಭಯ ನಿಜವಾದರೆ ಮುಚ್ಚುಮರೆ ಬೇಡ. ಎಲ್ಲರಿಗೂ ಸಣ್ಣ ಲೋಟಗಳಲ್ಲೇ ಕೊಡೋಣ. ಹಾಗೆ ಕೊಡುವ ಸಭೆಗಳು ಬೇಕಾದಷ್ಟಿವೆ, ಅದರಲ್ಲಿ ತಪ್ಪಿಲ್ಲ. ಭಯವಿಲ್ಲವಾದರೆ ಎಲ್ಲರಿಗೂ ಒಂದೇ ಬಟ್ಟಲು ಇರಲಿ. ಎರಡರಲ್ಲಿ ಯಾವುದಾದರೂ ಆಗಲಿ, ಆದರೆ ಅವರಿಗೊಂದು ನಮಗೊಂದು ಆಗಬಾರದು. ಬರುವ ಭಾನುವಾರ ಆರಾಧನೆಯ ನಂತರ ಹಿರಿಯರು ಸೇರಿ ಇದನ್ನು ತೀರ್ಮಾನಿಸುತ್ತಾರೆ. ಆ ಕುಟುಂಬದವರನ್ನೂ ಕರೆದು, ಅವರ ಭಾಷೆ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು ಕೂರೋಣ.

ಅಲ್ಲಿಯವರೆಗೆ ಒಂದು ಕೆಲಸವಿದೆ. ಅವರ ಮನೆ ಕೆಳಗಿನ ಲೈನಿನ ಕೊನೆಯದು. ಇಂದು ಮನೆಗೆ ಹೋಗುವ ದಾರಿಯಲ್ಲಿ ಯಾರಾದರೂ ಬಾಗಿಲು ತಟ್ಟಿ, ಅವರು ಕೊಡುವ ಚಹವನ್ನು ಅವರ ಲೋಟದಲ್ಲೇ ಕುಡಿದು ಬನ್ನಿರಿ. ಕರ್ತನು ನಮಗೆ ಆ ಮನಸ್ಸು ಕೊಡಲಿ. ಆಮೆನ್.